ಡಬ್ಬಿಯ ಮೇಲೆ 3,000 ಲೀಟರ್, ಬಕೆಟ್‌ಗೆ ಬಿದ್ದದ್ದು 1,440: ಒಂದು ತೋಟದ ಕೊಳಕ್ಕೆ ಪಂಪ್ ಆರಿಸಿದ ಪ್ರಕರಣ

ಪರಿಚಯದವರೊಬ್ಬರ ಹಿತ್ತಲಲ್ಲಿ ಒಂದು ಕೊಳ ಇದೆ. ಹೆಚ್ಚುಕಡಿಮೆ ಮೊಟ್ಟೆಯಾಕಾರ, ತಳಕ್ಕೆ ರಬ್ಬರ್ ಶೀಟ್ ಹಾಸಿದ್ದಾರೆ. ಒಳಗೆ ಹನ್ನೆರಡು ಗೋಲ್ಡ್‌ಫಿಶ್, ಒಂದು ಬದಿಗೆ ನೈದಿಲೆ. ಎದುರು ಬದಿಯಲ್ಲಿ ಕಲ್ಲು ಜೋಡಿಸಿ ಮಾಡಿದ ಪುಟ್ಟ ಜಲಪಾತ. ಅದರ ನೆತ್ತಿಯ ಮೇಲೆ ಫಿಲ್ಟರ್ ಪೆಟ್ಟಿಗೆ. ಕೊಳದೊಳಗಿನ ಪಂಪ್ ನೀರನ್ನು ಫಿಲ್ಟರಿಗೆ ಏರಿಸುತ್ತದೆ, ಅಲ್ಲಿಂದ ನೀರು ತಾನಾಗಿಯೇ ಕಲ್ಲಿನ ಮೇಲೆ ಇಳಿದು ಕೊಳಕ್ಕೆ ಬೀಳುತ್ತದೆ.

ಅವರ ದೂರು ಮೂರು. ನೀರು ಹಸಿರಾಗಿದೆ. ಜಲಪಾತದ ನೀರು ಧುಮುಕುವ ಬದಲು ಕಲ್ಲಿಗೆ ಅಂಟಿಕೊಂಡು ಜಿನುಗುತ್ತಿದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿವೆ. ಮೊದಲೆರಡನ್ನು ಸ್ವಲ್ಪ ದಿನ ತಡೆದುಕೊಳ್ಳಬಹುದು. ಮೂರನೆಯದು ಹಾಗಲ್ಲ. ಮೀನಿಗೆ ಉಸಿರು ಸಾಲುತ್ತಿಲ್ಲ ಎಂಬುದರ ಗುರುತು ಅದು.

ಹಗಲಲ್ಲಿ ಗಿಡ, ಪಾಚಿ ಬಿಸಿಲುಂಡು ನೀರಿಗೆ ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಮೀನಿನ ಹಾಗೆಯೇ ಆಮ್ಲಜನಕ ಎಳೆದುಕೊಳ್ಳುತ್ತವೆ. ಹಾಗಾಗಿ ನೀರಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವುದು ಸೂರ್ಯ ಹುಟ್ಟುವ ಮುಂಚೆ. ಅದರ ಮೇಲೆ, ನೀರು ಬೆಚ್ಚಗಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ನಿಂತರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಬೇಸಿಗೆಯಲ್ಲಿ, ಪಾಚಿ ತುಂಬಿದ ಕೊಳದಲ್ಲಿ, ನೀರು ಸರಿಯಾಗಿ ಕದಡದೆ ಇದ್ದರೆ ಬೆಳಗಿನ ಜಾವ ಮೀನು ಮೇಲೆ ಬರದೆ ಇನ್ನೇನು ಮಾಡೀತು?

ಮನೆಯವರು ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದರು. ಪಂಪ್ ಚಿಕ್ಕದಾಯಿತು, ದೊಡ್ಡದು ತರಬೇಕು. ಗಂಟೆಗೆ 8,000 ಲೀಟರ್ ಎಂದು ಬರೆದಿದ್ದ ಪಂಪ್ ಒಂದನ್ನು ನೋಡಿಯೂ ಇಟ್ಟಿದ್ದರು. ಅವರ ತಮ್ಮ ಇನ್ನೂ ಸುಲಭದ ದಾರಿ ಹೇಳಿದ್ದರು: ಮನೆಯಲ್ಲಿ ಅರ್ಧ ಹೆಚ್‌ಪಿ ಸಬ್‌ಮರ್ಸಿಬಲ್ ಮೋಟಾರ್ ಸುಮ್ನೆ ಬಿದ್ದಿದೆ, ಅದನ್ನೇ ಇಳಿಸಿಬಿಡೋಣ.

ಕೊಳದ ಪಂಪ್ ವಿಷಯದಲ್ಲಿ ನನಗೆ ಒಂದು ಹಟ ಇದೆ. ಪಂಪ್ ಕಡೆಯಲ್ಲಿ ನೋಡುವ ವಸ್ತು. ಎಷ್ಟು ನೀರು ಬೇಕು, ಎಷ್ಟು ಎತ್ತರಕ್ಕೆ, ಯಾವ ಪೈಪಿನಲ್ಲಿ ಅನ್ನುವುದನ್ನು ಮೊದಲು ಅಳೆಯಬೇಕು. ಈ ಮೂರು ಕೈಯಲ್ಲಿದ್ದರೆ ಪಂಪ್ ಆರಿಸುವುದು ಒಂದು ಗೆರೆ ಎಳೆದು ನೋಡುವಷ್ಟೇ ಕೆಲಸ. ಇವಿಲ್ಲದೆ ತಂದ ಪಂಪ್ ಸರಿಹೋದರೆ ಅದು ಅದೃಷ್ಟ.

ಮೊದಲು ಬಕೆಟ್

ಹಳೆಯ ಪಂಪಿನ ಡಬ್ಬಿ ಇನ್ನೂ ಇಟ್ಟಿದ್ದರು. ಅದರ ಮೇಲೆ ಗಂಟೆಗೆ 3,000 ಲೀಟರ್, ಗರಿಷ್ಠ ಎತ್ತರ 2 ಮೀಟರ್, 55 ವ್ಯಾಟ್ ಎಂದಿತ್ತು. ಅದು ನಿಜಕ್ಕೂ ಎಷ್ಟು ಕೊಡುತ್ತಿದೆ ಎಂದು ತಿಳಿಯಲು ಬೇಕಾದದ್ದು ಒಂದು ಬಕೆಟ್ ಮತ್ತು ಗಡಿಯಾರ. ಫಿಲ್ಟರಿಗೆ ಹೋಗುವ ಪೈಪಿನ ತುದಿಯನ್ನು ಬಿಚ್ಚಿ, ಅದೇ ಎತ್ತರದಲ್ಲಿ ಹಿಡಿದು 10 ಲೀಟರ್ ಬಕೆಟ್‌ಗೆ ಬಿಟ್ಟೆವು. ಅದೇ ಎತ್ತರ ಅನ್ನುವುದು ಮುಖ್ಯ. ಪೈಪನ್ನು ಕೆಳಗಿಳಿಸಿದರೆ ನೀರು ಜಾಸ್ತಿ ಬರುತ್ತದೆ, ಅಳತೆ ಸುಳ್ಳಾಗುತ್ತದೆ. ಮನೆಯ ಮಗಳು ಫೋನಿನಲ್ಲಿ ಸಮಯ ನೋಡಿದಳು. ಬಕೆಟ್ ತುಂಬಲು 40 ಸೆಕೆಂಡ್. ಅಂದರೆ ಗಂಟೆಗೆ 900 ಲೀಟರ್.

ಪಂಪನ್ನು ಮೇಲೆತ್ತಿ ಮುಂದಿನ ಜಾಲರಿ ಬಿಚ್ಚಿದಾಗ ಅರ್ಧ ಕಾರಣ ಅಲ್ಲೇ ಸಿಕ್ಕಿತು. ಒಳಗಿದ್ದ ಕಪ್ಪು ಸ್ಪಂಜು ಕೈಗೆ ತೂಕವಾಗಿ, ಲೋಳೆಯಾಗಿ ಬಂತು. ಹಿಂಡಿದರೆ ಕಂದು ಬಣ್ಣದ ದಪ್ಪ ಕೆಸರು, ಅದರ ಜೊತೆ ಕೊಳೆತ ನೈದಿಲೆ ಎಲೆಯ ಚೂರು, ದಾರದಂಥ ಪಾಚಿ. ಕೊಳದ್ದೇ ನೀರಲ್ಲಿ ತೊಳೆದು ಮತ್ತೆ ಹಾಕಿ ಅಳೆದೆವು. ಈ ಸಲ 25 ಸೆಕೆಂಡ್, ಗಂಟೆಗೆ 1,440 ಲೀಟರ್.

ಪಂಪ್ ಕೆಟ್ಟಿದೆ ಎಂದು ಮನೆಯವರಿಗೆ ಅನ್ನಿಸಿತು. ಕೆಟ್ಟಿರಲಿಲ್ಲ. ಡಬ್ಬಿಯ ಮೇಲಿನ ಮಾತೂ ಸುಳ್ಳಲ್ಲ. 3,000 ಲೀಟರ್ ಅನ್ನುವುದು ನೀರನ್ನು ಒಂದಿಷ್ಟೂ ಮೇಲಕ್ಕೆತ್ತದೆ, ಪೈಪೇ ಇಲ್ಲದೆ ಬಿಟ್ಟಾಗಿನ ಲೆಕ್ಕ. 2 ಮೀಟರ್ ಅನ್ನುವುದು ಅದರ ಎದುರು ತುದಿ. ಅಷ್ಟು ಎತ್ತರದಲ್ಲಿ ನೀರು ಪೈಪಿನ ಬಾಯಿಯವರೆಗೆ ಬಂದು ನಿಲ್ಲುತ್ತದೆ, ಒಂದು ಹನಿಯೂ ಹೊರಗೆ ಬೀಳುವುದಿಲ್ಲ. ಗಂಟೆಗೆ 3,000 ಲೀಟರನ್ನು 2 ಮೀಟರ್ ಎತ್ತರಕ್ಕೆ ಕೊಡುವ ಪಂಪ್ ಇದು ಎಂದು ಎಷ್ಟೋ ಜನ ಓದಿಕೊಳ್ಳುತ್ತಾರೆ. ಎರಡೂ ಒಟ್ಟಿಗೆ ಯಾವತ್ತೂ ಸಿಗುವುದಿಲ್ಲ. ನಮ್ಮ ಕೊಳ ಆ ಎರಡು ತುದಿಗಳ ನಡುವೆ ಎಲ್ಲೋ ಇರುತ್ತದೆ, ಎಲ್ಲಿ ಎಂದು ಕಂಡುಕೊಳ್ಳುವುದೇ ಕೆಲಸ.

ಎಷ್ಟು ನೀರು ಬೇಕು

ಕೊಳದ ಅತಿ ಉದ್ದ 3.6 ಮೀಟರ್, ಅತಿ ಅಗಲ 2.2 ಮೀಟರ್. ಆಳ ಒಂದು ಮೀಟರ್ ಎಂದು ಮನೆಯವರು ಹೇಳಿದರು. ಅದು ನಡುವಿನ ಗುಂಡಿಯ ಆಳ. ಕೋಲು ಇಳಿಸಿ ಅಲ್ಲಲ್ಲಿ ನೋಡಿದರೆ ಸರಾಸರಿ 75 ಸೆಂ.ಮೀ. ಬಂತು. ಮೊಟ್ಟೆಯಾಕಾರದ ಕೊಳಕ್ಕೆ ಉದ್ದ, ಅಗಲ ಗುಣಿಸಿ ಬಂದದ್ದನ್ನು 0.785ರಿಂದ ಮತ್ತೆ ಗುಣಿಸಬೇಕು, ಮೂಲೆಗಳು ಇಲ್ಲವಲ್ಲ. ಅದನ್ನು ಸರಾಸರಿ ಆಳದಿಂದ ಗುಣಿಸಿದರೆ 4.7 ಘನ ಮೀಟರ್, ಅಂದರೆ ಸುಮಾರು 4,700 ಲೀಟರ್. ಮನೆಯವರ ಅಂದಾಜಿನಲ್ಲಿ ಇದು 8,000 ಲೀಟರ್ ಕೊಳವಾಗಿತ್ತು. ಆ 8,000 ಲೀಟರ್ ಪಂಪಿನ ಆಸೆ ಹುಟ್ಟಿದ್ದೂ ಅಲ್ಲಿಂದಲೇ.

ಗೋಲ್ಡ್‌ಫಿಶ್ ಇರುವ ಕೊಳದಲ್ಲಿ ಎರಡು ಗಂಟೆಗೊಮ್ಮೆಯಾದರೂ ಇಡೀ ನೀರು ಫಿಲ್ಟರಿನಲ್ಲಿ ಹಾದುಹೋಗಲಿ ಅನ್ನುವುದು ಕೊಳ ಸಾಕುವವರ ರೂಢಿಯ ಲೆಕ್ಕ. ಕೊಯ್ ಮೀನು ಸಾಕುವವರು ಗಂಟೆಗೊಮ್ಮೆ ಎನ್ನುತ್ತಾರೆ, ಅವು ಬೆಳೆಯುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ಇಲ್ಲಿಗೆ ಗಂಟೆಗೆ 2,350 ಲೀಟರ್ ಕನಿಷ್ಠ. ಹಳೆಯ ಪಂಪ್ ಸ್ವಚ್ಛ ಸ್ಪಂಜಿನಲ್ಲಿ ಒಂದು ಸುತ್ತಿಗೆ ಮೂರು ಗಂಟೆ ಮೀರಿ ತೆಗೆದುಕೊಳ್ಳುತ್ತಿತ್ತು, ಕೊಳೆಯಾದ ಸ್ಪಂಜಿನಲ್ಲಿ ಐದು ಗಂಟೆಗೂ ಹೆಚ್ಚು.

ಜಲಪಾತದ ಬೇಡಿಕೆ ಬೇರೆ. ನೀರು ಬೀಳುವ ಕಲ್ಲಿನ ಅಂಚು 25 ಸೆಂ.ಮೀ. ಅಗಲ. ಅಂಚಿನ ಪ್ರತಿ ಸೆಂ.ಮೀ.ಗೆ ಗಂಟೆಗೆ 100ರಿಂದ 150 ಲೀಟರ್ ಹರಿದರೆ ನೀರು ಕಲ್ಲು ಬಿಟ್ಟು ಹಾಳೆಯಂತೆ ಬೀಳುತ್ತದೆ, ಅದಕ್ಕಿಂತ ಕಡಿಮೆಯಾದರೆ ಕಲ್ಲಿಗೆ ಅಂಟಿ ಜಿನುಗುತ್ತದೆ. ಹಾಗಾದರೆ 2,500ರಿಂದ 3,750. ಎರಡೂ ಬೇಡಿಕೆಗೆ ಅದೇ ನೀರು ಸಾಲುವಂತೆ ನೋಡಿ, ಫಿಲ್ಟರ್ ಸ್ವಲ್ಪ ಕಟ್ಟಿಕೊಂಡಾಗಲೂ ಸಾಲುವಂತೆ, 3,000 ಲೀಟರ್ ಗುರಿ ಇಟ್ಟುಕೊಂಡೆವು. ನಿಜವಾಗಿ ಬೀಳುವ 3,000, ಡಬ್ಬಿಯ ಮೇಲಿನದಲ್ಲ.

ಎತ್ತರ ಮತ್ತು ಪೈಪ್

ಪಂಪ್ ಭಾಷೆಯಲ್ಲಿ ಹೆಡ್ ಎಂದರೆ ನೀರು ಏರಬೇಕಾದ ಎತ್ತರ. ಇದನ್ನು ಎಲ್ಲಿಂದ ಅಳೆಯಬೇಕು ಅನ್ನುವುದರಲ್ಲೇ ಗೊಂದಲ ಜಾಸ್ತಿ. ಪಂಪ್ 80 ಸೆಂ.ಮೀ. ಆಳದಲ್ಲಿದೆ, ಅದನ್ನೂ ಸೇರಿಸಬೇಕಲ್ವಾ ಎಂದು ಮನೆಯವರು ಕೇಳಿದರು. ಬೇಡ. ಪಂಪಿನ ಮೇಲಿರುವ ನೀರು ಅದೇ ಭಾರದಿಂದ ಪಂಪಿನೊಳಕ್ಕೆ ಒತ್ತುತ್ತಿರುತ್ತದೆ, ಹಾಗಾಗಿ ಕೊಳದ ನೀರಿನ ಮಟ್ಟದವರೆಗೆ ನೀರೆತ್ತುವ ಕೆಲಸ ಪಂಪಿಗೆ ಇಲ್ಲ. ಕೊಳದ ನೀರಿನ ಮೇಲ್ಮೈಯಿಂದ, ಪೈಪು ಹಾದುಹೋಗುವ ಅತಿ ಎತ್ತರದ ಜಾಗದವರೆಗೆ ಅಳೆಯಬೇಕು. ಗಾರೆಯವರು ಬಳಸುವ ಲೆವೆಲ್ ಪೈಪಿನಲ್ಲಿ ನೋಡಿದಾಗ ಇದು 1.3 ಮೀಟರ್ ಬಂತು. ಕಣ್ಣಳತೆಯಲ್ಲಿ ಎಲ್ಲರೂ ಒಂದು ಮೀಟರ್ ಎಂದುಕೊಂಡಿದ್ದ ಎತ್ತರ ಅದು. 2 ಮೀಟರಿಗೇ ನಿಂತುಹೋಗುವ ಪಂಪಿಗೆ ಆ 30 ಸೆಂ.ಮೀ. ಸಣ್ಣ ವಿಷಯವಲ್ಲ.

ಪೈಪಿನ ಕಥೆ ಇನ್ನೂ ದೊಡ್ಡದು. ಪಂಪಿನಿಂದ ಫಿಲ್ಟರಿಗೆ 6 ಮೀಟರ್ ಉದ್ದದ, ಒಳ ಅಗಲ 25 ಮಿ.ಮೀ. ಇದ್ದ ಪೈಪು, ನಡುವೆ ಎರಡು ಎಲ್ಬೋ, ಅಂದರೆ ಪೈಪು ತಿರುಗಿಸುವ ಮೂಲೆ ತುಂಡು. ಪೈಪಿನೊಳಗೆ ನೀರು ಗೋಡೆಗೆ ಉಜ್ಜಿಕೊಂಡು ಹೋಗುತ್ತದೆ. ಆ ಉಜ್ಜಾಟವೂ ಪಂಪಿನ ಪಾಲಿಗೆ ಎತ್ತರವಿದ್ದಂತೆಯೇ, ಅದನ್ನೂ ಹೆಡ್‌ಗೆ ಸೇರಿಸಬೇಕು. ಗಂಟೆಗೆ 3,600 ಲೀಟರ್, ಅಂದರೆ ಸೆಕೆಂಡಿಗೆ ಒಂದು ಲೀಟರ್, ಈ 25 ಮಿ.ಮೀ. ಪೈಪಿನಲ್ಲಿ ಓಡಬೇಕಾದರೆ ನೀರಿನ ವೇಗ ಸೆಕೆಂಡಿಗೆ 2 ಮೀಟರ್ ಆಗುತ್ತದೆ. ಆ ವೇಗಕ್ಕೆ 6 ಮೀಟರ್ ಪೈಪೊಂದೇ ಒಂದು ಮೀಟರಿಗೂ ಮಿಕ್ಕಿ ಹೆಡ್ ತಿನ್ನುತ್ತದೆ. ಒಂದೊಂದು ಎಲ್ಬೋ ಇನ್ನೂ 20 ಸೆಂ.ಮೀ. ನುಂಗುತ್ತದೆ. ಅಷ್ಟೇ ನೀರನ್ನು 32 ಮಿ.ಮೀ. ಪೈಪಿನಲ್ಲಿ ಕಳಿಸಿದರೆ ಪೈಪಿನ ನಷ್ಟ 33 ಸೆಂ.ಮೀ. ಆಸುಪಾಸು. 40 ಮಿ.ಮೀ. ಪೈಪಿನಲ್ಲಾದರೆ ಬರೀ 11 ಸೆಂ.ಮೀ.

ಒಂದು ಮೀಟರ್ ಎಲ್ಲಿ, 11 ಸೆಂ.ಮೀ. ಎಲ್ಲಿ! ಪೈಪಿನ ಒಳ ಅಗಲದ ಐದನೇ ಘಾತಕ್ಕೆ ತಕ್ಕಂತೆ ನಷ್ಟ ಕುಸಿಯುತ್ತದೆ, ಅದಕ್ಕೇ ಈ ಅಂತರ. ಪಂಪ್ ಕೊಳ್ಳುವಾಗ ಎಷ್ಟೆಲ್ಲ ತಲೆ ಕೆಡಿಸಿಕೊಂಡು, ಪೈಪ್ ಮಾತ್ರ ಕೈಗೆ ಸಿಕ್ಕಿದ್ದನ್ನು ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಪೈಪಿನ ಖರ್ಚು ಒಂದೇ ಸಲ. ಪೈಪಿನ ಉಜ್ಜಾಟಕ್ಕೆ ಕರೆಂಟ್ ಸುಡುವುದು ಪಂಪ್ ಓಡುವಷ್ಟು ದಿನವೂ.

ಮೊದಲು ಪೈಪನ್ನಷ್ಟೇ ಬದಲಿಸಿ ನೋಡೋಣ ಎಂದೆ. ಹಳೆಯ ಪಂಪಿಗೇ 40 ಮಿ.ಮೀ. ಪೈಪು ಜೋಡಿಸಿ ಅಳೆದಾಗ ಬಕೆಟ್ 21 ಸೆಕೆಂಡಿನಲ್ಲಿ ತುಂಬಿತು. ಗಂಟೆಗೆ 1,700 ಲೀಟರ್ ಚಿಲ್ಲರೆ. ಮೇಲೇರಿದ್ದು ನಿಜ, ಆದರೆ ಗುರಿಗೆ ಇನ್ನೂ ದೂರ. ಕಾರಣ ಸ್ಪಷ್ಟ: ಪೈಪಿನ ನಷ್ಟ ಇಳಿಸಬಹುದು, 1.3 ಮೀಟರ್ ಎತ್ತರವನ್ನು ಇಳಿಸಲಾಗದು. ಹಳೆಯ ಪಂಪಿಗೆ ಆ ಎತ್ತರವೇ ಭಾರ. ಹಾಗಾಗಿ ಹೊಸ ಪಂಪ್ ಬೇಕೇ ಬೇಕು ಅನ್ನುವುದು ಈಗ ಗಟ್ಟಿಯಾಯಿತು.

ಮೂರು ಪಂಪು, ಒಂದು ಗೆರೆ

ಬೇಕಾದದ್ದನ್ನು ಒಂದು ಸಾಲಿನಲ್ಲಿ ಬರೆದುಕೊಂಡೆವು: 1.5 ಮೀಟರ್ ಹೆಡ್‌ನಲ್ಲಿ ಗಂಟೆಗೆ 3,000 ಲೀಟರ್. 1.3 ನೀರಿನ ಎತ್ತರ, ಉಳಿದ 20 ಸೆಂ.ಮೀ. 40 ಮಿ.ಮೀ. ಪೈಪು ಮತ್ತು ಎಲ್ಬೋಗಳ ಪಾಲು.

ಒಳ್ಳೆಯ ಪಂಪಿನ ಡಬ್ಬಿಯಲ್ಲೋ ಜೊತೆಗಿನ ಹಾಳೆಯಲ್ಲೋ ಒಂದು ಗ್ರಾಫ್ ಇರುತ್ತದೆ. ಒಂದು ಕಡೆ ಹೆಡ್, ಇನ್ನೊಂದು ಕಡೆ ನೀರು, ನಡುವೆ ಬಾಗಿ ಇಳಿಯುವ ಗೆರೆ. 1.5 ಮೀಟರ್ ಹತ್ತಿರ ಸ್ಕೇಲ್ ಇಟ್ಟು, ಗೆರೆ ತಾಗುವಲ್ಲಿ ಎಷ್ಟು ಲೀಟರ್ ಎಂದು ಓದಿದರೆ ಮುಗಿಯಿತು. ಗ್ರಾಫ್ ಕೊಡದ ಪಂಪನ್ನು ನಾನು ಪಟ್ಟಿಗೇ ಸೇರಿಸುವುದಿಲ್ಲ.

4,000 ಲೀಟರ್ ಎಂದು ಬರೆದಿದ್ದ, 2.2 ಮೀಟರಿಗೆ ನಿಲ್ಲುವ ಪಂಪ್ ಆ ಗೆರೆಯಲ್ಲಿ 1,800 ಕೊಡುತ್ತಿತ್ತು. ಅದು ಅಲ್ಲಿಗೇ ಬಿಟ್ಟುಹೋಯಿತು. ಮನೆಯವರು ಮೆಚ್ಚಿದ್ದ 8,000 ಲೀಟರ್ ಪಂಪ್ 2.4 ಮೀಟರಿಗೆ ನಿಲ್ಲುವಂಥದ್ದು, 90 ವ್ಯಾಟ್. ಗೆರೆಯಲ್ಲಿ 3,600 ಲೀಟರ್. ಮೂರನೆಯದರ ಮೇಲೆ 5,500 ಲೀಟರ್, 3 ಮೀಟರ್, 50 ವ್ಯಾಟ್ ಎಂದಿತ್ತು. ಅದು ಗೆರೆಯಲ್ಲಿ 3,300. ಡಬ್ಬಿಯ ಅಂಕಿಯಲ್ಲಿ 2,500 ಲೀಟರ್ ಅಂತರ, ಈ ಕೊಳದ ಎತ್ತರದಲ್ಲಿ ಬರೀ 300. ಕರೆಂಟ್ ಮಾತ್ರ ಹೆಚ್ಚುಕಡಿಮೆ ಎರಡರಷ್ಟು. ದೊಡ್ಡ ಪಂಪ್ ಕೆಟ್ಟದ್ದೆಂದಲ್ಲ. ಅದು ನೀರನ್ನು ಎತ್ತದೆ ಬರೀ ತಳ್ಳುವ ಕೆಲಸಕ್ಕೆ, ಉದಾಹರಣೆಗೆ ಕೊಳದ ಮಟ್ಟದಲ್ಲೇ ಇರುವ ಫಿಲ್ಟರಿಗೆ ಕಳಿಸಲು ಮಾಡಿದ್ದು.

ವ್ಯಾಟ್ ಬಗ್ಗೆ ಇಷ್ಟು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಮೀನಿರುವ ಕೊಳದ ಪಂಪ್ ಹಗಲೂ ರಾತ್ರಿ ಓಡಬೇಕು. ಫಿಲ್ಟರಿನೊಳಗೆ ನೆಲೆಸಿದ ಬ್ಯಾಕ್ಟೀರಿಯಾಗಳು ಮೀನಿನ ತ್ಯಾಜ್ಯದ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡು ಮೀನಿಗೆ ವಿಷ, ಮೂರನೆಯದರಿಂದ ಅಷ್ಟು ಅಪಾಯವಿಲ್ಲ. ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕವಿರುವ ನೀರು ಹರಿಯುತ್ತಲೇ ಇರಬೇಕು. ರಾತ್ರಿ ಕರೆಂಟ್ ಉಳಿಸಲು ಪಂಪ್ ನಿಲ್ಲಿಸಿದರೆ ಅವು ಸಾಯತೊಡಗುತ್ತವೆ, ಮೀನಿಗೆ ಉಸಿರು ಬೇಕಾದ ಹೊತ್ತಿನಲ್ಲೇ ನೀರೂ ನಿಂತಿರುತ್ತದೆ. ಬ್ಯಾಟರಿ ಇಲ್ಲದ ಸೋಲಾರ್ ಪಂಪನ್ನು ಇಂಥ ಕೊಳಕ್ಕೆ ಬೇಡವೆನ್ನುವುದೂ ಇದೇ ಕಾರಣಕ್ಕೆ.

50 ವ್ಯಾಟ್ ಪಂಪ್ 24 ಗಂಟೆ ಓಡಿದರೆ ದಿನಕ್ಕೆ 1.2 ಯೂನಿಟ್. ತಮ್ಮನವರ ಅರ್ಧ ಹೆಚ್‌ಪಿ ಮೋಟಾರ್ ಲೆಕ್ಕ ಹಾಕಿ. ಅರ್ಧ ಹೆಚ್‌ಪಿ ಎಂದರೆ ಶಾಫ್ಟಿಗೆ ಸಿಗುವುದೇ 373 ವ್ಯಾಟ್, ಲೈನಿನಿಂದ ಎಳೆಯುವುದು ಅದಕ್ಕಿಂತ ಜಾಸ್ತಿ. ದಿನಕ್ಕೆ 9 ಯೂನಿಟ್ ದಾಟುತ್ತದೆ. 3,300 ಲೀಟರನ್ನು 1.5 ಮೀಟರ್ ಎತ್ತಲು ನೀರಿಗೆ ಕೊಡಬೇಕಾದ ಶಕ್ತಿ ಬರೀ 13 ವ್ಯಾಟಿನಷ್ಟು. ಮನೆಯ ಟ್ಯಾಂಕಿಗೆ ಅಷ್ಟೆತ್ತರ ನೀರೇರಿಸುವ ಮೋಟಾರಿಗೆ ಇಲ್ಲಿ ಮಾಡಲು ಕೆಲಸವೇ ಇಲ್ಲ. ಜೊತೆಗೆ ಕೆಲವು ಸಬ್‌ಮರ್ಸಿಬಲ್ ಮೋಟಾರಿನೊಳಗೆ ಎಣ್ಣೆ ತುಂಬಿರುತ್ತದೆ. ಸೀಲ್ ಹೋದರೆ ಎಣ್ಣೆ ಕೊಳಕ್ಕೆ ಇಳಿಯುತ್ತದೆ, ಮೀನಿರುವಲ್ಲಿ ಆ ಅಪಾಯಕ್ಕೆ ಕೈಹಾಕಬಾರದು. ತಮ್ಮನವರಿಗೆ ಇದನ್ನೆಲ್ಲ ಹೇಳಿದಾಗ ಅವರೇ "ಹಾಗಾದ್ರೆ ಬೇಡ ಬಿಡಿ" ಎಂದರು.

5,500 ಲೀಟರ್ ಪಂಪಿನಲ್ಲಿ ನನಗೆ ಹಿಡಿಸಿದ ಇನ್ನೊಂದು ಸಂಗತಿ ಅದರ ಮೈ. ಸ್ಪಂಜು ಇರಲಿಲ್ಲ. ಸುತ್ತಲೂ ಅಗಲವಾದ ತೂತಿನ ಜಾಲರಿ, 6 ಮಿ.ಮೀ.ವರೆಗಿನ ಕಸ ಒಳಗೆ ಹಾದು ಫಿಲ್ಟರಿಗೆ ಹೋಗುವಂಥದ್ದು. ಕಾರಂಜಿಗೆ ಸ್ಪಂಜಿರುವ ಪಂಪೇ ಸರಿ, ಇಲ್ಲದಿದ್ದರೆ ಕಾರಂಜಿಯ ಸಣ್ಣ ತೂತು ಕಟ್ಟಿಕೊಳ್ಳುತ್ತದೆ. ಮುಂದೆ ಫಿಲ್ಟರ್ ಇರುವ ಕಡೆ ಪಂಪಿನ ಬಾಯಲ್ಲೇ ಕಸ ಹಿಡಿಯುವುದೇಕೆ? ಕಸ ಹಿಡಿಯಬೇಕಾದದ್ದು ಫಿಲ್ಟರ್.

ಕೂರಿಸಿದ್ದು

ಹೊಸ ಪಂಪಿನ ಜೊತೆ ಬಂದ ಪೈಪ್ ಜೋಡಣೆಯ ತುಂಡು ಮೆಟ್ಟಿಲು ಮೆಟ್ಟಿಲಾಗಿತ್ತು: ಬುಡದಲ್ಲಿ 40 ಮಿ.ಮೀ., ಮುಂದೆ 32, ತುದಿಯಲ್ಲಿ 25. 40ರ ಪೈಪನ್ನು ಬುಡದ ಮೆಟ್ಟಿಲಿಗೆ ತುರುಕಿ ಹಾಗೇ ಬಿಟ್ಟರೆ ತುದಿಯ 25ರ ಕೊರಳು ಪೈಪಿನೊಳಗೆ ಉಳಿದು, ಇಷ್ಟು ಲೆಕ್ಕ ಹಾಕಿ ತಂದ ಅಗಲಕ್ಕೆ ಅಲ್ಲೇ ಕುತ್ತಿಗೆ ಹಿಸುಕುತ್ತದೆ. ಹ್ಯಾಕ್ಸಾ ಬ್ಲೇಡಿನಿಂದ ಚಿಕ್ಕ ಮೆಟ್ಟಿಲು ಎರಡನ್ನೂ ಕತ್ತರಿಸಿ, ಅಂಚಿನ ಜುಂಗನ್ನು ಚಾಕುವಿನಲ್ಲಿ ಹೆರೆದು, ಆಮೇಲೆ ಪೈಪು ಸೇರಿಸಿ ಕ್ಲಿಪ್ ಬಿಗಿದೆವು.

ಪಂಪನ್ನು ಜಲಪಾತದಿಂದ ದೂರದ ತುದಿಯಲ್ಲಿ ಇಟ್ಟೆವು, ಇಡೀ ಕೊಳದ ನೀರು ಸರಿದಾಡಲಿ ಎಂದು. ತಳಕ್ಕೆ ತಾಗಿಸದೆ ಎರಡು ಇಟ್ಟಿಗೆಯ ಮೇಲೆ ಕೂರಿಸಿದೆವು. ತಳದ ಕೆಸರನ್ನು ಎಳೆಯದಿರಲಿ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಮೀನಿನ ಜೀವದ್ದು: ಎಲ್ಲಾದರೂ ಪೈಪು ಬಿಚ್ಚಿಕೊಂಡು ನೀರು ಹೊರಗೆ ಹರಿದರೆ, ಪಂಪ್ ತನ್ನ ಬಾಯಿಯ ಮಟ್ಟದವರೆಗೆ ಮಾತ್ರ ಕೊಳ ಬರಿದು ಮಾಡೀತು. ಅದರ ಕೆಳಗೆ ಮೀನಿಗೆ ಒಂದಿಷ್ಟು ನೀರು ಉಳಿಯುತ್ತದೆ. ಹಾಗಾದಾಗ ಪಂಪ್ ಒಣಗಿ ಓಡುತ್ತದೆ ಅನ್ನುವ ಅಪಾಯ ಇದ್ದೇ ಇದೆ. ನೀರೇ ಅದರ ಮೋಟಾರನ್ನು ತಣ್ಣಗಿಡುವುದು. ನೀರಿಲ್ಲದಿದ್ದಾಗ ತಾನೇ ನಿಲ್ಲುವ ಸೌಕರ್ಯ ಈ ಪಂಪಿನಲ್ಲಿತ್ತು.

ಕರೆಂಟಿನ ವಿಷಯದಲ್ಲಿ ರಾಜಿ ಇಲ್ಲ. 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್, ನೀರಿನಿಂದ ದೂರ, ಮಳೆ ತಾಗದ ಪ್ಲಗ್. ವೈರಿಗೆ ನೀರಿನ ಹತ್ತಿರ ಜೋಡಣೆ ಮಾಡಬಾರದು, ಪಂಪನ್ನು ವೈರು ಹಿಡಿದು ಎತ್ತಬಾರದು. ಕೊಳಕ್ಕೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿರಲೇಬೇಕು. ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದರು.

ಈಗ 10 ಲೀಟರ್ ಬಕೆಟ್‌ನಲ್ಲಿ ಅಳೆಯುವುದು ಕಷ್ಟ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತುಂಬುತ್ತದೆ. 20 ಲೀಟರ್ ಡ್ರಮ್ ಹಿಡಿದೆವು. 22 ಸೆಕೆಂಡ್. ಗಂಟೆಗೆ ಸುಮಾರು 3,270 ಲೀಟರ್, ಗ್ರಾಫ್ ಹೇಳಿದ್ದಕ್ಕೆ ಕೂದಲೆಳೆಯಷ್ಟು ಕಡಿಮೆ. ಹಳೆಯದಕ್ಕಿಂತ ಕಡಿಮೆ ಕರೆಂಟಿನಲ್ಲಿ ಎರಡು ಪಟ್ಟಿಗೂ ಹೆಚ್ಚು ನೀರು.

ಆಮೇಲೆ ಕಂಡದ್ದು

ಜಲಪಾತ ಮೊದಲ ದಿನವೇ ಕಲ್ಲು ಬಿಟ್ಟು ಧುಮುಕಿತು. ಮೀನು ಬೆಳಗಿನ ಜಾವ ಮೇಲೆ ಬರುವುದು ಕೆಲವೇ ದಿನಗಳಲ್ಲಿ ನಿಂತಿತು. ನೀರಿನ ಹಸಿರು ಮಾತ್ರ ಹಾಗೆ ತಟ್ಟನೆ ಹೋಗಲಿಲ್ಲ. ಅದನ್ನು ಮೊದಲೇ ಹೇಳಿದ್ದೆ. ಹಸಿರು ಬಣ್ಣ ತೇಲುವ ಪಾಚಿಯದ್ದು, ಅದಕ್ಕೆ ಬೇಕಾದ್ದು ಬಿಸಿಲು ಮತ್ತು ನೀರಿನಲ್ಲಿ ಕರಗಿದ ಗೊಬ್ಬರ. ಪಂಪ್ ಎಷ್ಟೇ ಒಳ್ಳೆಯದಾದರೂ ಆ ಗೊಬ್ಬರವನ್ನು ಕೊಳದಿಂದ ಹೊರಗೆ ಹಾಕುವುದಿಲ್ಲ. ತಳದ ಕೆಸರು ತೆಗೆದು, ಮೀನಿಗೆ ಹಾಕುವ ಆಹಾರ ಕಡಿಮೆ ಮಾಡಿ, ನೈದಿಲೆ ಎಲೆ ಹರಡಿ ನೆರಳಾದ ಮೇಲೆ ನಿಧಾನವಾಗಿ ತಿಳಿಯಾಯಿತು.

ಒಂದು ಹೊಸ ತೊಂದರೆಯೂ ಬಂತು. ನೀರಿನ ರಭಸಕ್ಕೆ ಅಲೆ ನೈದಿಲೆಯವರೆಗೆ ಹೋಗುತ್ತಿತ್ತು. ನೈದಿಲೆಗೆ ನಿಂತ ನೀರು ಇಷ್ಟ, ಎಲೆಯ ಮೇಲೆ ಹನಿ ಸಿಡಿಯುತ್ತಿದ್ದರೆ ಅದು ಸೊರಗುತ್ತದೆ. ಜಲಪಾತದ ಬುಡದಲ್ಲಿ ಒಂದು ಚಪ್ಪಟೆ ಕಲ್ಲನ್ನು ಓರೆಯಾಗಿ ಇಟ್ಟು ನೀರಿನ ದಿಕ್ಕು ತಿರುಗಿಸಿದೆವು. ಅದರ ಜೊತೆಗೆ ಪೈಪಿನಲ್ಲಿ ಒಂದು ಬಾಲ್ ವಾಲ್ವ್ ಇದೆ, ಹರಿವು ತಗ್ಗಿಸಬೇಕೆನಿಸಿದರೆ ಅದನ್ನು ಸ್ವಲ್ಪ ಮುಚ್ಚುತ್ತಾರೆ. ವಾಲ್ವ್ ಇರಬೇಕಾದದ್ದು ಪಂಪಿನಿಂದ ನೀರು ಹೊರಬರುವ ಕಡೆ. ನೀರು ಒಳಹೋಗುವ ಕಡೆ ಅಡ್ಡಿ ಮಾಡಿದರೆ ಪಂಪ್ ಹಾಳಾಗುತ್ತದೆ.

ಮಗಳು ಡ್ರಮ್ ಅಳತೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಾಳೆ. 22 ಸೆಕೆಂಡಿನದು 28 ದಾಟಿದರೆ ಜಾಲರಿ, ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ) ತೊಳೆಯುವ ಹೊತ್ತು. 28 ಸೆಕೆಂಡ್ ಎಂದರೆ ಗಂಟೆಗೆ ಸುಮಾರು 2,570 ಲೀಟರ್, ಎರಡು ಗಂಟೆಗೊಂದು ಸುತ್ತು ಎಂಬ ಕನಿಷ್ಠಕ್ಕೆ ಹತ್ತಿರ. ಇಂಪೆಲ್ಲರ್ ಮೇಲೆ ಬಿಳಿ ಸುಣ್ಣ ಕಟ್ಟಿದ್ದರೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಲ್ಲಿ ನೆನೆಸಿ ಉಜ್ಜಿ, ಚೆನ್ನಾಗಿ ತೊಳೆದು ಮತ್ತೆ ಹಾಕಬೇಕು. ಹಳೆಯ ಪಂಪನ್ನು ಎಸೆಯಬೇಡಿ ಎಂದು ಹೇಳಿದ್ದೇನೆ. ತೊಳೆದು ಒಣಗಿಸಿ ಇಟ್ಟುಕೊಂಡು, ಆಗಾಗ ಬಕೆಟ್ ನೀರಿನಲ್ಲಿ ಓಡಿಸಿ ನೋಡುತ್ತಿದ್ದಾರೆ. ಹೊಸದು ಯಾವತ್ತಾದರೂ ರಾತ್ರಿ ಕೈಕೊಟ್ಟರೆ, ಗಂಟೆಗೆ 1,700 ಲೀಟರ್ ಕೊಡುವ ಪಂಪ್ ಕೈಗೆ ಸಿಗುವಂತೆ ಇದೆ, ಬೆಳಗಾಗುವವರೆಗೆ ಮೀನಿಗೆ ಅಷ್ಟು ಸಾಕು.